ನೆಲದೊಳಗಿನ ಜಠರಾಗ್ನಿ

ನಮ್ಮ ಚಿಕಿತ್ಸಾಲಯಕ್ಕೆ ಬರುವವರನ್ನು ಕುಡಿಯುವ ನೀರಿನ ಬಗ್ಗೆ ವಿಚಾರಿಸಿದರೆ, ‘ಕೊಳವೆಬಾವಿಯ ನೀರು, ತಿಳಿಯಾಗಿದೆ; ಕುದಿಸಿಯೇ ಕುಡಿಯುತ್ತೇವೆ’ ಎನ್ನುವವರೇ ಹೆಚ್ಚು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ಅಂತರ್ಜಲ ಸೇರಿದ ರಾಸಾಯನಿಕ ವಿಷಗಳೆಲ್ಲವೂ ಅದರಿಂದ ತೊಲಗುವುದಿಲ್ಲ. ಅವುಗಳಲ್ಲಿ ಕೆಲವನ್ನು ಮಣ್ಣಿನ ಬ್ಯಾಕ್ಟೀರಿಯಾಗಳೇ ಜೀರ್ಣಿಸಿಕೊಳ್ಳುತ್ತವೆ ಎಂಬುದು ನಾವೆಲ್ಲರೂ ಅರಿಯಬೇಕಾದ ಸಂಗತಿ.

ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಹನಹಾನ್‌ನಲ್ಲಿ 1975ರಲ್ಲಿ ಸೇನೆಯ ಇಂಧನ ಸಂಗ್ರಹಾಗಾರದಿಂದ ಸುಮಾರು 80,000 ಗ್ಯಾಲನ್, ಅಂದರೆ 3 ಲಕ್ಷ ಲೀಟರ್ ವಿಮಾನ ಇಂಧನ ಸೋರಿತು. ಸೋರಿಕೆಯನ್ನು ಬೇಗ ತಡೆದರೂ ಒಂದಷ್ಟು ಇಂಧನ ಮರಳುಮಣ್ಣಿನಲ್ಲಿ ಇಳಿದು ಅಂತರ್ಜಲವನ್ನು ಮುಟ್ಟಿತು. ಅದರಲ್ಲಿನ ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲ ವಿಷ. 1985ರ ವೇಳೆಗೆ ಮಾಲಿನ್ಯವು ಜನವಸತಿಯನ್ನು ತಲುಪಿತ್ತು.

ಅಲ್ಲಿನ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಪರೀಕ್ಷಿಸಿದಾಗ, ಆ ಮಣ್ಣಿನಲ್ಲಿ ಸಹಜವಾಗಿಯೇ ಇದ್ದ ಸೂಕ್ಷ್ಮಜೀವಿಗಳು ಇಂಧನದ ವಿಷಾಂಶಗಳನ್ನು ಆಹಾರವಾಗಿಸಿಕೊಂಡು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತಿದ್ದುದು ಕಂಡುಬಂದಿತು. ಪೋಷಕಾಂಶ ಒದಗಿಸಿದರೆ ಈ ಕಾರ್ಯ ಚುರುಕಾಗುವುದೆಂದೂ ತಿಳಿಯಿತು. 1992ರಲ್ಲಿ ಪೋಷಕಾಂಶಗಳನ್ನು ನೆಲಕ್ಕೆ ಇಂಗಿಸಿ, ಮಲಿನ ನೀರನ್ನು ಬಾವಿಗಳ ಮೂಲಕ ಹೊರತೆಗೆಯಲಾರಂಭಿಸಿದರು. 1993ರ ಅಂತ್ಯಕ್ಕೆ ಜನವಸತಿ ಪ್ರದೇಶದ ಮಾಲಿನ್ಯ ಶೇ. 75ರಷ್ಟು ಇಳಿದಿತ್ತು.

ಇದು ನಮ್ಮ ಶಾಸ್ತ್ರದ ದೀಪನ ಚಿಕಿತ್ಸೆಯನ್ನು ನೆನಪಿಸುತ್ತದೆ. ಅಲ್ಲಿಯೂ ವೈದ್ಯನು ಹೊಸ ಅಗ್ನಿಯನ್ನು ತರುವುದಿಲ್ಲ. ಮಂದವಾದುದನ್ನು ಉದ್ದೀಪಿಸುತ್ತಾನೆ, ಅಷ್ಟೆ.

ಆದರೆ ಜಠರಾಗ್ನಿ ಕಲ್ಲನ್ನು ಕರಗಿಸಲಾರದು. ಇಂಧನ ತೈಲವು ಇಂಗಾಲದ ಸಂಯುಕ್ತ, ಅದನ್ನು ಒಡೆಯಬಹುದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮುಂತಾದ ಜಿಲ್ಲೆಗಳ ಕೊಳವೆಬಾವಿಗಳನ್ನು ಕಾಡುವ ಫ್ಲೋರೈಡ್ ಬಂಡೆಯಿಂದ ಬಂದ ಮೂಲವಸ್ತುವೊಂದರ ಅಯಾನು. ಅದನ್ನು ಒಡೆದು ಇಲ್ಲವಾಗಿಸುವ ಬ್ಯಾಕ್ಟೀರಿಯಾ ಇಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆ. ಅಂಥ ಊರುಗಳಲ್ಲಿ ಫ್ಲೋರೈಡ್ ನೀಗಿಸುವ ಶುದ್ಧೀಕರಣ ಘಟಕದ ನೀರು ಅಥವಾ ಶುಚಿಯಾಗಿ ಸಂಗ್ರಹಿಸಿದ ಮಳೆನೀರೇ ಆಶ್ರಯ. ಭಾರತೀಯ ಮಾನದಂಡದಂತೆ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ದೊರೆಯದಿದ್ದರಷ್ಟೇ 1.5ರವರೆಗೆ ಸಮ್ಮತ. ಇದನ್ನು ಕಣ್ಣು, ನಾಲಿಗೆ ಹೇಳಲಾರವು. ಪ್ರಯೋಗಾಲಯದ ಪರೀಕ್ಷೆ ಮಾತ್ರ ಹೇಳಬಲ್ಲದು.

ಹನಹಾನ್‌ನಲ್ಲಿ ಇಂಧನ ಸೋರಿದ್ದಕ್ಕೂ ಈ ಚಿಕಿತ್ಸೆ ಆರಂಭವಾದದ್ದಕ್ಕೂ ನಡುವೆ 17 ವರ್ಷಗಳು ಕಳೆದಿದ್ದವು. ಆದುದರಿಂದ ರೋಗದ ಕಾರಣವನ್ನೇ ದೂರವಿರಿಸುವ ನಿದಾನ ಪರಿವರ್ಜನವೇ ಇಲ್ಲಿಯೂ ಮೊದಲ ಚಿಕಿತ್ಸೆ. ಹಳೆಯ ಎಂಜಿನ್ ಆಯಿಲ್ಲನ್ನು ನೆಲಕ್ಕೆ ಸುರಿಯದಿರೋಣ. ಕೀಟನಾಶಕದ ಡಬ್ಬಿಗಳನ್ನು ಬಾವಿಯ ಬಳಿ ತೊಳೆಯದಿರೋಣ. ನೆಲದ ಅಗ್ನಿಗೂ ಅದರ ಶಕ್ತಿಗೆ ಮೀರಿದುದನ್ನು ಉಣಿಸುವುದು ತರವಲ್ಲ.