ಸೇನಾಚಿಕಿತ್ಸೆಯ ವಿಚಾರಣೆಯೂ ಪ್ರಮಾಣವಿವೇಕವೂ

ನ್ಯಾಯಸ್ಥಾನದ ವಿಚಾರಣೆಗೂ ಆಡಳಿತದ ವಿಚಾರಣೆಗೂ ಉದ್ದೇಶದಲ್ಲಿಯೇ ಭೇದವುಂಟು. ಮೊದಲನೆಯದು ಅಪರಾಧಿಯನ್ನು ನಿರ್ಣಯಿಸಿ ದಂಡವನ್ನು ವಿಧಿಸತಕ್ಕದ್ದು. ಎರಡನೆಯದು ಅನರ್ಥವು ಯಾವ ಕಾರಣದಿಂದ ಒದಗಿತು, ಅದು ಮರುಕಳಿಸದಂತೆ ಮಾಡುವ ಉಪಾಯವಾವುದು ಎಂಬುದನ್ನು ಶೋಧಿಸತಕ್ಕದ್ದು. ಸೇನೆಯ ಚಿಕಿತ್ಸಾಲಯಗಳಲ್ಲಿ ಈ ಶೋಧನೆಯು ವಿಶೇಷವಾಗಿ ಕಷ್ಟಸಾಧ್ಯ. ಏಕೆಂದರೆ ಅಲ್ಲಿ ರೋಗಿ, ವೈದ್ಯ, ಸಾಕ್ಷಿ ಈ ಮೂವರೂ ಆಜ್ಞಾಧೀನರು. ಮೆಸೊಪೊಟೇಮಿಯದ ವೃತ್ತಾಂತವು ಇದಕ್ಕೆ ನಿದರ್ಶನ.

1915ರ ನವೆಂಬರಿನಲ್ಲಿ ಬಾಗ್ದಾದಿನ ಸಮೀಪದ ಟೆಸಿಫಾನಿನಲ್ಲಿ ಭಾರತದಿಂದ ಹೋದ ಸೇನೆಗೂ ತುರ್ಕರಿಗೂ ಘೋರಯುದ್ಧವಾಯಿತು. ಭಾರತದ ಸೇನೆಯಲ್ಲಿ ಹತರೂ ಗಾಯಗೊಂಡವರೂ ಸೇರಿ 4,000ಕ್ಕೆ ಮೀರಿದರು. ಗಾಯಾಳುಗಳನ್ನು ಕಮಾನಿಲ್ಲದ ಬಂಡಿಗಳಲ್ಲಿ ಟೈಗ್ರಿಸ್ ನದಿಯ ದಡಕ್ಕೆ ಸಾಗಿಸಲಾಯಿತು. ಚಿಕಿತ್ಸೆಗೆಂದೇ ಸಜ್ಜುಗೊಳಿಸಿದ ನದೀನೌಕೆಗಳಿರಲಿಲ್ಲವಾದುದರಿಂದ, ದಂಡನ್ನೂ ಸಾಮಗ್ರಿಯನ್ನೂ ಹೊರುವ ಹಡಗುಗಳಲ್ಲಿಯೇ ಅವರನ್ನು ಬಸ್ರಾ ನಗರಕ್ಕೆ ಕಳುಹಿಸಿದರು. ಮೆಜಿದಿಯೆ ಎಂಬ ಹಡಗು ಸುಮಾರು ಎರಡು ವಾರಗಳ ಪ್ರಯಾಣದ ತರುವಾಯ ಬಸ್ರಾವನ್ನು ಮುಟ್ಟಿತು.

ಸೇನಾಪತಿ ನಿಕ್ಸನ್ನನ ಕಡೆಯಿಂದ ಹೋದ ತಂತಿವರ್ತಮಾನದಲ್ಲಿ ಗಾಯಾಳುಗಳ ಸ್ಥಿತಿ ತೃಪ್ತಿಕರವೆಂದೂ ವೈದ್ಯಕೀಯ ಏರ್ಪಾಡು ಚೆನ್ನಾಗಿ ನಡೆಯಿತೆಂದೂ ಇತ್ತು. ಬಸ್ರಾದಲ್ಲಿ ವರೇಲಾ ಎಂಬ ಆಸ್ಪತ್ರೆಯ ಹಡಗಿನ ಅಧಿಕಾರಿಯಾಗಿದ್ದ ಮೇಜರ್ ಕಾರ್ಟರನು ಕಂಡದ್ದೇ ಬೇರೆ. ಮಲಮೂತ್ರಗಳ ನಡುವೆ ಹಾಸಿಗೆಯಿಲ್ಲದೆ ಒತ್ತೊತ್ತಾಗಿ ಬಿದ್ದಿದ್ದವರನ್ನೂ, ಮದ್ಯದ ಪೆಟ್ಟಿಗೆಯ ಹಲಗೆಯನ್ನು ಮುರಿದ ತೊಡೆಗೆ ಕಟ್ಟಿಕೊಂಡು ಬಂದವನನ್ನೂ ಅವನು ನೋಡಿದನು. ಇದನ್ನು ವರದಿಮಾಡಿದುದಕ್ಕೆ ಅವನಿಗೆ ದೊರೆತದ್ದು ಬಂಧನದ ಬೆದರಿಕೆ.

ಆದರೂ ಅವನು ಮೌನವನ್ನು ತಾಳಲಿಲ್ಲ. 1916ರಲ್ಲಿ ಭಾರತ ಸರ್ಕಾರವು ವಿನ್ಸೆಂಟ್, ಬಿಂಗ್ಲೆ ಎಂಬವರನ್ನು ವಿಚಾರಣೆಗೆ ನಿಯಮಿಸಿತು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಶಾಸನದ ಮೂಲಕ ಲಾರ್ಡ್ ಜಾರ್ಜ್ ಹ್ಯಾಮಿಲ್ಟನ್ನನ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ರಚಿಸಿತು. 1917ರ ಜೂನಿನಲ್ಲಿ ಪ್ರಕಟವಾದ ಅದರ ವರದಿಯು ಸೇನಾಪತಿಯಲ್ಲಿಯೂ ಮುಖ್ಯ ವೈದ್ಯಾಧಿಕಾರಿಯಲ್ಲಿಯೂ ದೋಷವನ್ನು ಕಂಡಿತು. ಕಾರ್ಟರನ ದೃಢತೆಯನ್ನು ಶ್ಲಾಘಿಸಿತು. ಜುಲೈ ತಿಂಗಳಲ್ಲಿ ಭಾರತಮಂತ್ರಿ ಆಸ್ಟಿನ್ ಚೇಂಬರ್ಲೇನನು ಹೊಣೆಯನ್ನು ಹೊತ್ತು ಪದವಿಯನ್ನು ತ್ಯಜಿಸಿದನು. ಆ ಸ್ಥಾನಕ್ಕೆ ಬಂದ ಮಾಂಟೆಗುವೇ ಆಗಸ್ಟಿನಲ್ಲಿ ಭಾರತಕ್ಕೆ ಹೊಣೆಗಾರ ಸರ್ಕಾರವನ್ನು ಕ್ರಮವಾಗಿ ಕೊಡುವ ಘೋಷಣೆಯನ್ನು ಮಾಡಿದನು.

ನೈಯಾಯಿಕರ ಮತದಲ್ಲಿ ವಾಕ್ಯದ ಪ್ರಾಮಾಣ್ಯಕ್ಕೆ ವಕ್ತೃವಿನ ಆಪ್ತತೆಯು ಆಧಾರವೇ ಹೊರತು ಅವನ ಪದವಿಯಲ್ಲ. ವಿಷಯವನ್ನು ಯಥಾರ್ಥವಾಗಿ ಅರಿತು, ಅರಿತಂತೆಯೇ ಹೇಳಬಯಸುವವನು ಆಪ್ತನು. ತಂತಿಯ ವಾಕ್ಯಕ್ಕೆ ಅಧಿಕಾರವಿತ್ತು, ಆಪ್ತತೆಯಿರಲಿಲ್ಲ. ಕಾರ್ಟರನ ವಾಕ್ಯಕ್ಕೆ ಆಪ್ತತೆಯಿತ್ತು, ಅಧಿಕಾರವಿರಲಿಲ್ಲ. ಈ ಎರಡನ್ನೂ ಬೇರ್ಪಡಿಸಿ ತೂಗುವುದೇ ವಿಚಾರಣೆಯ ಧರ್ಮ. ಆದರೆ ಅದು ನಡೆಯುವಷ್ಟರಲ್ಲಿ ಮೆಜಿದಿಯೆಯ ಗಾಯಾಳುಗಳ ಪ್ರಯಾಣವು ಮುಗಿದುಹೋಗಿತ್ತು. ಆದಕಾರಣ ಕಂಡುದನ್ನು ಹೇಳುವ ಕಿರಿಯನಿಗೆ ಭಯವಿಲ್ಲದಂತೆ ಮಾಡುವ ಏರ್ಪಾಡು ವಿಚಾರಣೆಗಿಂತಲೂ ಮೊದಲೇ ಇರತಕ್ಕದ್ದು.