ಚಲಿಸುವ ಮನೆಗೆ ಎಷ್ಟು ವಿದ್ಯುತ್ತು ಬೇಕು?

ಅಮೆರಿಕ ಸಂಯುಕ್ತ ಸಂಸ್ಥಾನದ ಆರಿಜೋನಾ ಪ್ರಾಂತ್ಯದಲ್ಲಿ ಕ್ವಾರ್ಟ್ಸ್‌ಸೈಟ್ ಎಂಬ ಸಣ್ಣ ಊರೊಂದಿದೆ. ಅದರ ಸುತ್ತಲೂ ಮರುಭೂಮಿ. ಚಳಿಗಾಲ ಬಂತೆಂದರೆ ಉತ್ತರದ ಹಿಮಪ್ರದೇಶಗಳಿಂದ ಸಾವಿರಾರು ಮಂದಿ ತಮ್ಮ ಮನೆಗಳನ್ನೇ ಓಡಿಸಿಕೊಂಡು ಅಲ್ಲಿಗೆ ಬರುತ್ತಾರೆ. ಇದು ಅತಿಶಯೋಕ್ತಿಯಲ್ಲ. ಮಲಗುವ ಮಂಚ, ಅಡುಗೆಯ ಒಲೆ, ಸ್ನಾನಗೃಹ, ಶೀತಕ ಪೆಟ್ಟಿಗೆ, ಇವೆಲ್ಲವನ್ನೂ ಹೊತ್ತ ಆ ದೊಡ್ಡ ವಾಹನಕ್ಕೆ ‘ಮೋಟಾರ್‌ಹೋಮ್’ ಎಂದು ಹೆಸರು. ನಾವು ಅದನ್ನು ಮೋಟಾರು ಮನೆ ಎನ್ನೋಣ. ಊರ ಪಕ್ಕದ ಲಾ ಪೋಸಾ ಎಂಬ ಸರಕಾರೀ ಬಯಲಿನಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ದೀರ್ಘಕಾಲ ಬೀಡುಬಿಡಲು ಅನುಮತಿಯುಂಟು. ಆದರೆ ಅಲ್ಲಿ ಬಿಡಾರದ ಬಳಿಗೆ ಬರುವ ವಿದ್ಯುತ್ ತಂತಿಯಿಲ್ಲ. ಬೇಕಾದ ವಿದ್ಯುತ್ತನ್ನು ಪ್ರತಿಯೊಬ್ಬನೂ ತಾನೇ ಉತ್ಪಾದಿಸಿಕೊಳ್ಳಬೇಕು. ಅದಕ್ಕಾಗಿ ಪೆಟ್ರೋಲಿನಿಂದ ನಡೆಯುವ ಸಣ್ಣ ವಿದ್ಯುಜ್ಜನಕವೊಂದನ್ನು, ಅರ್ಥಾತ್ ಜನರೇಟರನ್ನು, ಜೊತೆಗೆ ತರುತ್ತಾರೆ.

ಈ ಜನರೇಟರು ಎಷ್ಟು ದೊಡ್ಡದಿರಬೇಕು? ಪ್ರಶ್ನೆ ಸರಳವಾಗಿ ಕಾಣುತ್ತದೆ. ಮನೆಯಲ್ಲಿರುವ ಉಪಕರಣಗಳ ವಾಟುಗಳನ್ನೆಲ್ಲ ಕೂಡಿದರಾಯಿತು ಎಂದು ಹೇಳುವವರೇ ಹೆಚ್ಚು. ಕೂಡಿಯೇ ನೋಡೋಣ. ಚಾವಣಿಯ ಮೇಲಿನ ಹವಾನಿಯಂತ್ರಕ ಓಡುವಾಗ ಸುಮಾರು 1,500 ವಾಟು, ಮೈಕ್ರೋವೇವ್ ಒಲೆ 1,500, ಕಾಫಿಯ ಯಂತ್ರ 900, ಬ್ಯಾಟರಿ ತುಂಬುವ ಚಾರ್ಜರು 750, ದೂರದರ್ಶನ 80, ದೀಪಗಳು 30. ಮೊತ್ತ 4,760 ವಾಟು. ಹಾಗಾದರೆ 5,000 ವಾಟಿನ ಯಂತ್ರವನ್ನು ಕೊಳ್ಳಬೇಕೆ? ಈ ಲೆಕ್ಕದಲ್ಲಿ ಕೂಡುವಿಕೆ ಸರಿಯಾಗಿದೆ, ಭೌತಶಾಸ್ತ್ರ ಸರಿಯಾಗಿಲ್ಲ. ಒಂದೇ ಮೋಟಾರು ಮನೆಯನ್ನು ಮೂರು ಸ್ಥಳಗಳಿಗೆ ಒಯ್ದು ಇದನ್ನು ಪರೀಕ್ಷಿಸೋಣ.

ಮೊದಲನೆಯದು ಜನವರಿ ತಿಂಗಳ ಕ್ವಾರ್ಟ್ಸ್‌ಸೈಟ್. ಹಗಲು ಹಿತವಾಗಿರುವುದರಿಂದ ಹವಾನಿಯಂತ್ರಕ ಬೇಡ. ಉಳಿದವುಗಳನ್ನೂ ಏಕಕಾಲದಲ್ಲಿ ನಡೆಸಬೇಕೆಂಬ ನಿಯಮವಿಲ್ಲ. ಕಾಫಿ ಕಾಯಿಸುವಾಗ ಬ್ಯಾಟರಿಯೂ ತುಂಬುತ್ತಿದ್ದು, ದೀಪ ಮತ್ತು ದೂರದರ್ಶನಗಳೂ ನಡೆಯುತ್ತಿದ್ದರೆ ಒಟ್ಟು 1,760 ವಾಟು. ಮೈಕ್ರೋವೇವ್ ಒಲೆಯನ್ನು ಉಪಯೋಗಿಸುವ ಕೆಲವು ನಿಮಿಷ ಚಾರ್ಜರನ್ನೂ ಕಾಫಿಯ ಯಂತ್ರವನ್ನೂ ನಿಲ್ಲಿಸಿದರೆ 1,610 ವಾಟು. ಹೀಗೆ ಸರದಿಯನ್ನು ಅನುಸರಿಸಿದರೆ 1,800 ವಾಟನ್ನು ಸತತವಾಗಿ ಕೊಡಬಲ್ಲ, ಒಬ್ಬನೇ ಎತ್ತಿಕೊಂಡು ಹೋಗಬಹುದಾದ ಪುಟ್ಟ ಯಂತ್ರ ಸಾಕು. ಆದುದರಿಂದ ಮೊದಲನೆಯ ತತ್ತ್ವವಿದು: ಜನರೇಟರಿನ ಅಳತೆಯನ್ನು ನಿರ್ಧರಿಸುವುದು ಉಪಕರಣಗಳ ಒಟ್ಟು ಮೊತ್ತವಲ್ಲ, ಏಕಕಾಲದಲ್ಲಿ ನಡೆಯುವವುಗಳ ಗರಿಷ್ಠ ಮೊತ್ತ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಇಂಥ ಯಂತ್ರಗಳ ಮೇಲೆ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ. ಉದಾಹರಣೆಗೆ 2,200 ಎಂಬುದು ಸ್ವಲ್ಪ ಹೊತ್ತು ಮಾತ್ರ ಕೊಡಬಲ್ಲ ಗರಿಷ್ಠ ಸಾಮರ್ಥ್ಯ. 1,800 ಎಂಬುದು ಗಂಟೆಗಟ್ಟಲೆ ಕೊಡಬಲ್ಲ ಸಾಮರ್ಥ್ಯ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಮೊದಲನೆಯದು; ನಮ್ಮ ಲೆಕ್ಕಕ್ಕೆ ಆಧಾರವಾಗಬೇಕಾದುದು ಎರಡನೆಯದು.

ಎರಡನೆಯ ಸ್ಥಳ ಕ್ಯಾಲಿಫೋರ್ನಿಯದ ಡೆತ್ ವ್ಯಾಲಿ, ಎಂದರೆ ಮೃತ್ಯು ಕಣಿವೆ. 1913ನೆಯ ಇಸವಿ ಜುಲೈ 10ರಂದು ಅಲ್ಲಿನ ಫರ್ನೆಸ್ ಕ್ರೀಕ್‌ನಲ್ಲಿ 56.7 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಭೂಮಿಯ ಮೇಲಿನ ಅತ್ಯಧಿಕ ವಾಯು ಉಷ್ಣತೆಯೆಂದು ಪ್ರಸಿದ್ಧವಾಗಿರುವುದು ಇದೇ. ಜುಲೈ ಬೇಡ, ಮೇ ತಿಂಗಳಲ್ಲೇ ಹೋಗೋಣ. ಮಧ್ಯಾಹ್ನದ ಉಷ್ಣತೆ 40 ಡಿಗ್ರಿ. ಹವಾನಿಯಂತ್ರಕಕ್ಕೆ 1,500 ವಾಟು, ನಮ್ಮ ಯಂತ್ರದ ಸಾಮರ್ಥ್ಯ 1,800. ಧೈರ್ಯದಿಂದ ಗುಂಡಿಯನ್ನೊತ್ತುತ್ತೇವೆ. ಯಂತ್ರ ಒಮ್ಮೆ ನರಳಿ, ರಕ್ಷಕ ಸ್ವಿಚ್ಚು ಬಿದ್ದು, ಎಲ್ಲವೂ ನಿಂತುಹೋಗುತ್ತದೆ.

ಕಾರಣವನ್ನು ನಮ್ಮ ಹಳ್ಳಿಯ ಓದುಗರು ಕಂಡೇ ಇದ್ದಾರೆ. ತೋಟದ ಪಂಪುಸೆಟ್ಟು ಚಾಲೂ ಆದ ಕ್ಷಣದಲ್ಲಿ ಮನೆಯ ದೀಪಗಳು ಮಂಕಾಗಿ, ಮರುಕ್ಷಣ ಚೇತರಿಸಿಕೊಳ್ಳುತ್ತವೆಯಷ್ಟೆ? ನಿಂತ ಮೋಟಾರು ಓಡುವ ಮೋಟಾರಿನಂತಲ್ಲ. ಹವಾನಿಯಂತ್ರಕದ ಅನಿಲವನ್ನು ಒತ್ತುವ ಕಂಪ್ರೆಸರಿನಲ್ಲಿರುವುದು ಪ್ರೇರಣ ಮೋಟಾರು. ಅದರ ತಿರುಗುವ ಭಾಗ ಚಲಿಸದೆ ಇರುವಾಗ ಅದು ಹ್ರಸ್ವಮಂಡಲವಾದ ಪರಿವರ್ತಕದಂತೆ ವರ್ತಿಸಿ, ಓಡುವಾಗಿನದಕ್ಕಿಂತ ಹಲವು ಪಟ್ಟು ಪ್ರವಾಹವನ್ನು ಎಳೆಯುತ್ತದೆ. ವೇಗ ಬಂದಂತೆ ಪ್ರವಾಹ ಇಳಿಯುತ್ತದೆ. ಆ ಕ್ಷಣದಲ್ಲಿ ವೋಲ್ಟೇಜು ಮತ್ತು ಪ್ರವಾಹ ಒಂದೇ ಹೆಜ್ಜೆಯಲ್ಲಿ ಇರುವುದಿಲ್ಲವಾದ್ದರಿಂದ ವಾಟುಗಳು ಅಷ್ಟೇ ಪಟ್ಟು ಏರುವುದಿಲ್ಲ. ಆದರೂ ಇಂಥ ಹವಾನಿಯಂತ್ರಕದ ಆರಂಭಕ್ಕೆ 3,000 ವಾಟಿನಷ್ಟನ್ನು ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಈ ಸ್ಥಿತಿ ಒಂದು ಸೆಕೆಂಡೂ ಇರುವುದಿಲ್ಲ. ಆದರೆ ಆ ಅಲ್ಪಕಾಲವನ್ನು ದಾಟಲಾರದ ಯಂತ್ರ ಮುಂದಿನ ಇಡೀ ದಿನಕ್ಕೆ ನಿರುಪಯುಕ್ತ.

ಇದರ ಮೇಲೆ ಬಿಸಿಲೂ ತನ್ನ ಪಾಲನ್ನು ಕೇಳುತ್ತದೆ. ಎಂಜಿನ್ನು ಪೆಟ್ರೋಲಿನೊಡನೆ ಗಾಳಿಯನ್ನೂ ಸೇವಿಸತಕ್ಕದ್ದು. ಕಾದ ಗಾಳಿ ವಿರಳವಾಗುತ್ತದೆ. 25 ಡಿಗ್ರಿಯ ಗಾಳಿಗೆ ಹೋಲಿಸಿದರೆ 40 ಡಿಗ್ರಿಯ ಗಾಳಿಯ ಸಾಂದ್ರತೆ ಶೇಕಡಾ 5ರಷ್ಟು ಕಡಿಮೆ. ಸಾಮರ್ಥ್ಯವೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಆದ್ದರಿಂದ ಡೆತ್ ವ್ಯಾಲಿಯಲ್ಲಿ 3,000 ವಾಟನ್ನು ಪಡೆಯಬೇಕಾದರೆ ಯಂತ್ರದ ಗರಿಷ್ಠ ಸಾಮರ್ಥ್ಯ ಸುಮಾರು 3,200 ವಾಟಾದರೂ ಇರಬೇಕು. 3,500 ಇದ್ದರೆ ನಿಶ್ಚಿಂತೆ. ಮೋಟಾರಿಗೆ ಮೊದಲು ಕಡಿಮೆ ವೋಲ್ಟೇಜು ಕೊಟ್ಟು ಮೆಲ್ಲಗೆ ಏರಿಸುವ ಇಲೆಕ್ಟ್ರಾನಿಕ್ ಸಾಧನವನ್ನು ಅಳವಡಿಸಿ ಆರಂಭದ ಎಳೆತವನ್ನು ತಗ್ಗಿಸುವುದು ಇನ್ನೊಂದು ಉಪಾಯ. ಇವೆರಡಕ್ಕಿಂತ ಜಾಣತನದ್ದು ಮೂರನೆಯದು: ಜೋಡಿಸಲು ಅನುಕೂಲವಿರುವ ಎರಡು ಪುಟ್ಟ ಯಂತ್ರಗಳನ್ನು ಕೊಳ್ಳುವುದು. ಬೇಸಗೆಯಲ್ಲಿ ಎರಡೂ ಜೊತೆಗೂಡಿ 3,600 ವಾಟು ಕೊಡುತ್ತವೆ; ಚಳಿಗಾಲದಲ್ಲಿ ಒಂದೇ ಸಾಕು.

ಹಾಗಾದರೆ ಒಂದೇ ಬಹು ದೊಡ್ಡ ಯಂತ್ರವನ್ನು ಕೊಂಡು ನೆಮ್ಮದಿಯಿಂದ ಇರಬಾರದೆ? ಬಾರದು. ಹಳೆಯ ಬಗೆಯ ಎರಡು ಧ್ರುವಗಳ ಜನರೇಟರು ಅಮೆರಿಕದ 60 ಆವರ್ತದ ವಿದ್ಯುತ್ತನ್ನು ಕೊಡಬೇಕಾದರೆ ನಿಮಿಷಕ್ಕೆ 3,600 ಸುತ್ತು ತಿರುಗಲೇಬೇಕು, ಉರಿಯುತ್ತಿರುವುದು ಒಂದೇ ದೀಪವಾದರೂ ಸರಿಯೆ. ತನ್ನದೇ ಘರ್ಷಣೆಯನ್ನು ನೀಗಲು ಅದು ಪೆಟ್ರೋಲನ್ನು ಸುಡುತ್ತಲೇ ಇರುತ್ತದೆ. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ಟಿನಷ್ಟು ಶಕ್ತಿ ಅಡಗಿದೆ. ಪುಟ್ಟ ಯಂತ್ರ ಪೂರ್ಣ ಭಾರದಲ್ಲಿ ನಡೆಯುವಾಗಲೂ ಅದರ ಐದನೆಯ ಒಂದು ಪಾಲಿಗಿಂತ ಕಡಿಮೆ ವಿದ್ಯುತ್ತಾಗುತ್ತದೆ. ಭಾರ ಇಳಿದಂತೆ ಈ ಪಾಲು ಇನ್ನೂ ಇಳಿಯುತ್ತದೆ. ‘ಇನ್ವರ್ಟರ್’ ಜಾತಿಯ ಹೊಸ ಯಂತ್ರಗಳು ವಿದ್ಯುತ್ತನ್ನು ಮೊದಲು ನೇರ ಪ್ರವಾಹವನ್ನಾಗಿ ಮಾಡಿ, ಬಳಿಕ 60 ಆವರ್ತದ ಅಲೆಯನ್ನು ರೂಪಿಸುತ್ತವೆ. ಆದಕಾರಣ ಅವುಗಳ ಎಂಜಿನ್ನು ಭಾರ ಕಡಿಮೆಯಾದಾಗ ನಿಧಾನವಾಗಿ ತಿರುಗಬಹುದು; ಸದ್ದೂ ಕಡಿಮೆ, ವೆಚ್ಚವೂ ಕಡಿಮೆ.

ಮೂರನೆಯ ಸ್ಥಳ ಕೊಲರಾಡೊ ಪ್ರಾಂತ್ಯದ ಲೆಡ್‌ವಿಲ್. ಸಮುದ್ರಮಟ್ಟದಿಂದ 10,152 ಅಡಿ ಎತ್ತರದ ಊರು. ಜುಲೈಯಲ್ಲಿಯೂ ಅಲ್ಲಿ ತಂಪು; ಹವಾನಿಯಂತ್ರಕದ ಮಾತೇ ಇಲ್ಲ. ಆದರೂ ಕ್ವಾರ್ಟ್ಸ್‌ಸೈಟಿನಲ್ಲಿ ಸಲೀಸಾಗಿ ಒಲೆಯನ್ನು ನಡೆಸಿದ ಯಂತ್ರ ಇಲ್ಲಿ ಅದೇ ಒಲೆಯ ಮುಂದೆ ಸೋಲುತ್ತದೆ. ಪ್ರತಿ ಸಾವಿರ ಅಡಿ ಏರಿದಂತೆ ಸಣ್ಣ ಎಂಜಿನ್ನುಗಳ ಸಾಮರ್ಥ್ಯ ಸುಮಾರು ಶೇಕಡಾ 3.5ರಂತೆ ಇಳಿಯುತ್ತದೆ. ಹತ್ತು ಸಾವಿರ ಅಡಿಗೆ ಶೇಕಡಾ 35. 1,800 ವಾಟಿನಲ್ಲಿ ಉಳಿಯುವುದು 1,170 ಮಾತ್ರ. ಎತ್ತರಕ್ಕೆ ತಕ್ಕ ಕಾರ್ಬ್ಯುರೇಟರಿನ ರಂಧ್ರವನ್ನು ಹಾಕಿಸಿದರೆ ಪೆಟ್ರೋಲು ಅತಿಯಾಗಿ ಹೊಗೆಯಾಡುವುದು ತಪ್ಪುತ್ತದೆ. ಆದರೆ ಇಲ್ಲದ ಆಮ್ಲಜನಕವನ್ನು ಯಾವ ರಂಧ್ರವೂ ತಂದುಕೊಡಲಾರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಗಾದೆ. ಬೆಟ್ಟವೇರಿದವನ ಹಾಸಿಗೆಯೇ ಗಿಡ್ಡವಾಗುತ್ತದೆಂಬುದನ್ನು ಇಲ್ಲಿ ನೆನಪಿಡಬೇಕು.

ಇಷ್ಟು ಹಗಲಿನ ಮಾತಾಯಿತು. ರಾತ್ರಿಯ ಪ್ರಶ್ನೆ ಬೇರೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ನಿಯಮದಂತೆ ಯಂತ್ರದ ಸದ್ದು 50 ಅಡಿ ದೂರದಲ್ಲಿ 60 ಡೆಸಿಬೆಲ್ ಮೀರಕೂಡದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನೆರೆಯವರ ನಿದ್ರೆ ಕೆಡಿಸುವ ಗದ್ದಲ ನಿಷಿದ್ಧ. ಆಗ ನೆರವಿಗೆ ಬರುವುದು ಬ್ಯಾಟರಿ. ಸಾಮರ್ಥ್ಯ ಮತ್ತು ಶಕ್ತಿಗಳ ಭೇದವನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು. ದೀಪಗಳು 30 ವಾಟಿನಂತೆ 4 ಗಂಟೆ ಉರಿದರೆ 120 ವಾಟು-ಗಂಟೆ. ಅನಿಲದ ಹೀಟರಿನ 90 ವಾಟಿನ ಪಂಖ ಒಟ್ಟು 4 ಗಂಟೆ ತಿರುಗಿದರೆ 360. ಎರಡೂ ಸೇರಿ 480. ಹನ್ನೆರಡು ವೋಲ್ಟಿನ, 100 ಆಂಪಿಯರು-ಗಂಟೆಯ ಬ್ಯಾಟರಿಯಲ್ಲಿರುವುದು ಸುಮಾರು 1,200 ವಾಟು-ಗಂಟೆ. ಅದರ ಅರ್ಧವೂ ಖರ್ಚಾಗಲಿಲ್ಲ. ಮರುದಿನ ಒಂದೆರಡು ಗಂಟೆ ಪುಟ್ಟ ಯಂತ್ರವನ್ನು ನಡೆಸಿದರೆ, ಇಲ್ಲವೆ ಚಾವಣಿಯ ಮೇಲೆ ಸೌರಫಲಕವಿದ್ದರೆ, ಆ ಕೊರತೆ ತುಂಬಿಬರುತ್ತದೆ.

ಕೊನೆಯದು ಪ್ರಾಣಕ್ಕೆ ಸಂಬಂಧಿಸಿದ ಮಾತು. ಯಂತ್ರ ಚಿಕ್ಕದಿರಲಿ ದೊಡ್ಡದಿರಲಿ, ಅದರ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಇದ್ದೇ ಇರುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಿಂದ ಇದನ್ನು ಹಿಡಿದುಕೊಳ್ಳುತ್ತದೆ. ಮಲಗಿದವನು ಎಚ್ಚರಗೊಳ್ಳದೆಯೇ ತೀರಿಹೋಗಬಹುದು. ಕಿಟಕಿ ತೆರೆದಿಟ್ಟರೆ ಸಾಕೆಂಬ ನಂಬಿಕೆ ತಪ್ಪು. ಹೊರಗಿಡುವ ಯಂತ್ರ ವಾಹನದಿಂದ ಕನಿಷ್ಠ 20 ಅಡಿ ದೂರದಲ್ಲಿರಬೇಕು. ಅದರ ಹೊಗೆ ನಮ್ಮ ಬಿಡಾರದ ಕಡೆಗಾಗಲಿ ನೆರೆಯವರ ಕಡೆಗಾಗಲಿ ತಿರುಗಿರಬಾರದು. ಮಲಗುವ ಸ್ಥಳದಲ್ಲಿ ಆ ಅನಿಲವನ್ನು ಪತ್ತೆಹಚ್ಚುವ ಎಚ್ಚರಿಕೆ ಗಂಟೆಯಿರಬೇಕು.

ಇನ್ನು ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಒಟ್ಟಿಗೆ ನಡೆಯುವವು ಯಾವುವು, ಅವುಗಳಲ್ಲಿ ಅತಿ ಭಾರವಾದ ಮೋಟಾರಿನ ಆರಂಭಕ್ಕೆ ಎಷ್ಟು ಬೇಕು, ಹೋಗುವ ಊರಿನ ಗಾಳಿ ಎಷ್ಟು ಸಾಂದ್ರ, ಈ ಮೂರನ್ನು ವಿಚಾರಿಸಿದವನಿಗೆ ಅಂಗಡಿಯವನ ಸಲಹೆ ಬೇಕಿಲ್ಲ. ಕಾಗದ, ಪೆನ್ಸಿಲು, ಪ್ರೌಢಶಾಲೆಯ ಭೌತಶಾಸ್ತ್ರ ಇದ್ದರೆ ಸಾಕು.