ದೂರು ಕೊಡುವವರಾರು?

ಬಾಲ್ಯವಿವಾಹದ ಪ್ರಸ್ತಾಪ ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆಯು ವಯಸ್ಸಿನ ಅಂಕಿಯ ಸುತ್ತಲೇ ತಿರುಗುತ್ತದೆ. 8 ಸಾಕೇ, 14 ಬೇಕೇ, 18 ಆಗಲೇಬೇಕೇ ಎಂದು ನಾವು ನೂರಮೂವತ್ತು ವರ್ಷಗಳಿಂದ ವಾದಿಸುತ್ತ ಬಂದಿದ್ದೇವೆ. ಅಂಕಿ ಅವಶ್ಯವೇ ಸರಿ. ಆದರೆ ಅದನ್ನು ಮೀರಿದವರ ಮೇಲೆ ದೂರು ಕೊಡುವವರಾರು, ಆ ದೂರಿನಿಂದ ಹೆಣ್ಣುಮಗುವಿಗೆ ದೊರೆಯುವ ಪರಿಹಾರವೇನು ಎಂಬುದಕ್ಕೆ ಉತ್ತರ ಹೇಳದ ಶಾಸನವು ಮರದ ಕತ್ತಿಯೆಂದೇ ನಮ್ಮ ಅಭಿಪ್ರಾಯ.

ಈ ವಿಷಯದಲ್ಲಿ ಮೈಸೂರು ಸಂಸ್ಥಾನವು ಬ್ರಿಟಿಷ್ ಇಂಡಿಯಕ್ಕಿಂತ ಮೊದಲೇ ಹೆಜ್ಜೆಯಿಟ್ಟಿತೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1894ರಲ್ಲಿ, 8 ವರ್ಷ ತುಂಬದ ಹೆಣ್ಣುಮಕ್ಕಳ ಲಗ್ನವನ್ನೂ, 50 ದಾಟಿದ ಗಂಡಸು 14 ತುಂಬದ ಬಾಲೆಯ ಕೈಹಿಡಿಯುವುದನ್ನೂ ಇಲ್ಲಿ ಅಪರಾಧವೆಂದು ಸಾರಲಾಯಿತು. ಆ ಮಿತಿಯನ್ನು ಕೇಳಿ ಇಂದು ನಗು ಬರಬಹುದು. ಅಂದು ಅಷ್ಟಕ್ಕೂ ಎದೆಗಾರಿಕೆ ಬೇಕಾಗಿದ್ದಿತು.

1929ರ ಶಾರದಾ ಕಾಯಿದೆಯು ಇಡೀ ಬ್ರಿಟಿಷ್ ಇಂಡಿಯಕ್ಕೆ ಹೆಣ್ಣಿಗೆ 14, ಗಂಡಿಗೆ 18 ಎಂದು ವಿಧಿಸಿತು. ಪರಕೀಯರ ಸರ್ಕಾರವು ನಮ್ಮ ಧರ್ಮದಲ್ಲಿ ಕೈಹಾಕಬಾರದೆಂದು ಅನೇಕರು ಕೂಗಿದರು. ಆದರೆ ಮಸೂದೆಯನ್ನು ತಂದವರು ಪರಕೀಯರಲ್ಲ, ಅಜಮೀರದ ಹರಬಿಲಾಸ ಶಾರದಾ ಅವರು. ಕಾಯಿದೆಯು 1930ರ ಏಪ್ರಿಲ್ 1ರಂದು ಜಾರಿಗೆ ಬರುವ ಮುನ್ನವೇ ಮುಗಿಸಿಬಿಡೋಣವೆಂದು ಜನರು ಎಳೆಯ ಮಕ್ಕಳ ಮದುವೆಗಳನ್ನು ರಾಶಿರಾಶಿಯಾಗಿ ನಡೆಸಿದರು. ಜಾರಿಗೆ ಬಂದ ಮೇಲಾದರೋ, ದೂರುಗಾರನೇ 100 ರೂಪಾಯಿಗಳವರೆಗಿನ ಮುಚ್ಚಳಿಕೆ ಬರೆದುಕೊಡಬೇಕು; ಅಪರಾಧಿಗೆ ಹೆಚ್ಚೆಂದರೆ ಒಂದು ತಿಂಗಳ ಸಾದಾ ಸಜೆ, 1000 ರೂಪಾಯಿ ದಂಡ; ಮದುವೆ ಮಾತ್ರ ಊರ್ಜಿತ! ನೆರೆಯವನೊಡನೆ ಹಗೆ ಕಟ್ಟಿಕೊಂಡು, ಮೇಲೆ ಮುಚ್ಚಳಿಕೆಯನ್ನೂ ಕೊಟ್ಟು ನ್ಯಾಯಸ್ಥಾನಕ್ಕೆ ಹೋಗುವವರು ಎಷ್ಟು ಮಂದಿ?

ಹೆಣ್ಣಿನ ವಯೋಮಿತಿಯು 1949ರಲ್ಲಿ 15ಕ್ಕೂ, 1978ರಲ್ಲಿ 18ಕ್ಕೂ ಏರಿತು. ಗಂಡಿಗೆ 21 ಆಯಿತು. 2006ರ ಕಾಯಿದೆಯು ಸಜೆಯನ್ನು ಎರಡು ವರ್ಷಗಳಿಗೂ, ದಂಡವನ್ನು ಒಂದು ಲಕ್ಷ ರೂಪಾಯಿಗೂ ಏರಿಸಿತು. ಆದರೂ ಸಾಮಾನ್ಯವಾಗಿ ಮದುವೆಯನ್ನು ರದ್ದುಪಡಿಸುವ ಹೊರೆಯನ್ನು ಆ ಮಗುವಿನ ತಲೆಯ ಮೇಲೆಯೇ ಹೊರಿಸಿತು. ತವರಿನವರೇ ಧಾರೆಯೆರೆದುಕೊಟ್ಟ ಹುಡುಗಿ ಯಾರ ಬೆಂಬಲದಿಂದ ಜಿಲ್ಲಾ ನ್ಯಾಯಾಲಯದ ಮೆಟ್ಟಿಲು ಹತ್ತಿಯಾಳು? ಈ ನ್ಯೂನತೆಯನ್ನು ಕರ್ನಾಟಕವು ಕಂಡುಕೊಂಡಿತು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿಯ ವಿಚಾರಣೆಯ ತರುವಾಯ, 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುವೆಂದು ಸಾರಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಉಳಿದ ರಾಜ್ಯಗಳಿಗೂ ಈ ಮಾರ್ಗವನ್ನೇ ತೋರಿತು.

ಹೆಣ್ಣಿನ ಮಿತಿಯನ್ನೂ 21ಕ್ಕೆ ಏರಿಸುವ ಮಸೂದೆಯು 2021ರಲ್ಲಿ ಮಂಡಿತವಾಗಿ, ಲೋಕಸಭೆಯ ವಿಸರ್ಜನೆಯೊಡನೆ 2024ರಲ್ಲಿ ಬಿದ್ದುಹೋಯಿತು. ಅದಕ್ಕಾಗಿ ನಾವು ಮರುಗುವುದಿಲ್ಲ. 18ನ್ನೇ ಕಾಯಲಾರದವರು 21ನ್ನು ಕಾಯುವರೆ? ಇಂದು ದೂರು ಕೊಡಲು ಮುಚ್ಚಳಿಕೆ ಬೇಕಿಲ್ಲ. 1098ಕ್ಕೆ ಒಂದು ದೂರವಾಣಿ ಕರೆ ಸಾಕು. ತರಗತಿಗೆ ಬಾರದ ಹುಡುಗಿಯನ್ನು ಉಪಾಧ್ಯಾಯರು ವಿಚಾರಿಸಲಿ. ಲಗ್ನಪತ್ರಿಕೆ ಅಚ್ಚುಹಾಕುವವರೂ ಮಂತ್ರ ಹೇಳುವವರೂ ಜನನದಾಖಲೆಯನ್ನು ಮೊದಲು ಕೇಳಲಿ. ಊಟದ ಎಲೆಯ ಮುಂದೆ ಕುಳಿತು ವಧುವಿನ ವಯಸ್ಸನ್ನು ಪಿಸುಗುಟ್ಟುವ ಮಹಾಜನರು, ಚಪ್ಪರ ಏಳುವ ಮೊದಲೇ ಅದನ್ನು ಬಾಯಿಬಿಟ್ಟು ಹೇಳಲಿ. ಶಾಸನಸಭೆಯ ಕೆಲಸ ಮುಗಿದಿದೆ. ನೆರೆಮನೆಯವರ ಕೆಲಸ ಇನ್ನೂ ಉಳಿದಿದೆ.